ಕಟ್ಟೆ ಇಳಿದ ಟಿಲ್ಲರ್

ಬುಕ್ಕಾಪಟ್ಟಣದಿಂದ ಸಿರಾಕ್ಕೆ ಹೋಗುವ ದಾರಿಯಲ್ಲಿ ಒಂದು ತಿರುವಿದೆ. ಅಲ್ಲಿ ಬಸ್ಸು ನಿಲ್ಲುವುದಿಲ್ಲ, ಆದರೆ ನಿಧಾನವಾಗುತ್ತದೆ. ಆ ತಿರುವಿನಲ್ಲೇ ಲಕ್ಕಮ್ಮನ ಮನೆ. ಮನೆಯ ಮುಂದೆ ಬಿಳಿ ಟೈಲ್ಸ್ ಹಾಕಿದ ಕಟ್ಟೆ. ಹೋದ ವರ್ಷ ಆಯುಧಪೂಜೆಯ ದಿನ ಆ ಕಟ್ಟೆಯ ಮೇಲೆ ಒಂದು ಟಿಲ್ಲರ್ ಬಂದು ಕೂತಿತು. ಹಿಂದೆ ಎರಡು ಹಿಡಿ ಹಿಡಿದು, ನಡೆದುಕೊಂಡೇ ಉಳುವಂಥ ಹಳೆಯ ಕಾಲದ ಟಿಲ್ಲರ್. ಮೈಗೆ ಗಿಳಿಹಸಿರು ಬಣ್ಣ, ಚಕ್ರದ ನಡುವೆ ಕೆಂಪು, ಹಿಡಿಗಳಿಗೆ ಬೆಳ್ಳಿಬಣ್ಣ, ಮೂತಿಯ ಮೇಲೆ ಮೂರು ಎಳೆ ವಿಭೂತಿ. ಮದುವೆ ಗಂಡಿಗೂ ಯಾರೂ ಅಷ್ಟು ಅಲಂಕಾರ ಮಾಡುವುದಿಲ್ಲ. ಇಷ್ಟೆಲ್ಲ ಮೆತ್ತಿಕೊಂಡಿದ್ದ ಮೈಗೆ ಮೆತ್ತದೆ ಉಳಿದದ್ದು ಮಣ್ಣೊಂದೇ.

"ನಮ್ಮನೇಲಿ ಕೆಲ್ಸ ಮಾಡ್ದೆ ಕೂತಿರೋವು ಎರಡವೆ ಕಣಮ್ಮ," ಎಂದು ಲಕ್ಕಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು. "ಒಂದು ಕಟ್ಟೆ ಮ್ಯಾಲೆ, ಇನ್ನೊಂದು ಪಕ್ಕದ ಕುರ್ಚಿ ಮ್ಯಾಲೆ. ಕಟ್ಟೆ ಮ್ಯಾಲಿಂದೇ ವಾಸಿ, ಹೊತ್ತೊತ್ಗೆ ಕಾಫಿ ಕೇಳಲ್ಲ."

ಕುರ್ಚಿಯ ಮೇಲೆ ಕೂತಿದ್ದವನು ಅವಳ ಗಂಡ ಮೂಡಲಗಿರಿಯಪ್ಪ. ಸಿರಾದಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಮಂಡಿ ನೋವೆಂದು ಮನೆ ಸೇರಿದ್ದ. ಬಸ್ಸು ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಅದು ಯಾವಾಗಲೂ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಮನೆಗೆ ಬಂದ ನೆಂಟರನ್ನೂ "ಒಳಗ್ ನಡೀರಿ, ಒಳಗ್ ನಡೀರಿ, ಹಿಂದೆ ಜಾಗ ಐತೆ" ಎಂದೇ ಬರಮಾಡಿಕೊಳ್ಳುತ್ತಿದ್ದ.

ನಿಜ ಹೇಳಬೇಕೆಂದರೆ ಆ ಟಿಲ್ಲರ್ ಅವನದಲ್ಲ, ಲಕ್ಕಮ್ಮನದು. ಅವಳ ಅಪ್ಪ ದೊಡ್ಡರಂಗಯ್ಯ ಕೊರಟಗೆರೆ ಕಡೆಯ ಗದ್ದೆಯಲ್ಲಿ ಅದನ್ನು ಓಡಿಸುತ್ತಿದ್ದ. ಲಂಗ ಉಡುವ ವಯಸ್ಸಿನಲ್ಲೇ ಮಗಳ ಕೈಗೂ ಹಿಡಿ ಕೊಟ್ಟಿದ್ದ. ಹೆಣ್ಣುಮಗಳನ್ನು ಮಿಷಿನ್ನಿನ ಹಿಂದೆ ಓಡಿಸುತ್ತಾನಲ್ಲ ಎಂದು ಊರವರು ಮಾತಾಡಿಕೊಂಡರು. "ಮಾತಾಡೋರು ಬಂದು ಉಳ್ಲಿ, ಮಗೀನ ಮನೇಗ್ ಕಳುಸ್ತೀನಿ" ಎಂದ ದೊಡ್ಡರಂಗಯ್ಯ. ಒಬ್ಬರೂ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಪಾಲು ಮಾಡಿಕೊಳ್ಳುವಾಗ ಲಕ್ಕಮ್ಮ ಕೇಳಿದ್ದು ಕೊಟ್ಟಿಗೆ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಆ ಟಿಲ್ಲರ್ ಒಂದನ್ನೇ. ಅದರ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಅಣ್ಣಂದಿರು ಮನಸ್ಸಿನಲ್ಲೇ ನಗುತ್ತ ಟೆಂಪೋಗೆ ಹತ್ತಿಸಿದರು.

ಅವಳು ಕೇಳಿದ್ದಕ್ಕೆ ಕಾರಣವಿತ್ತು. ಮನೆಯ ಹಿಂದೆ ಅವಳಿಗೊಂದು ತೋಟವಿದೆ. ಪಕ್ಕದವರ ಕಲ್ಲುಗೋಡೆಗೂ ಹುಣಸೆಮರಕ್ಕೂ ನಡುವಿನ ಓಣಿಯಲ್ಲಿ ಟ್ರ್ಯಾಕ್ಟರ್ ನುಗ್ಗುವುದಿಲ್ಲ. ಊರಲ್ಲಿ ಉಳುವ ಎತ್ತುಗಳೂ ಉಳಿದಿಲ್ಲ. ತಾಯಿಯ ಕಾಲದಿಂದ ಕಾಪಾಡಿಕೊಂಡು ಬಂದ ಮೆಣಸಿನಕಾಯಿ ಬೀಜ ಅವಳಲ್ಲಿದೆ. ವರ್ಷವೂ ಅದನ್ನು ಹಾಕಲು ಗುದ್ದಲಿಯಲ್ಲೇ ನೆಲ ಅಗೆದು ಅವಳ ಭುಜ ಸೋತಿತ್ತು.

"ಮೊದ್ಲು ಎಂಜಿನ್ ಬಿಚ್ಚಿ ಓರಾಯ್ಲು ಮಾಡುಸ್ತೀನಿ, ಆಮೇಲೆ ನೀನು ಉಳ್ತಿಯಂತೆ," ಎಂದ ಮೂಡಲಗಿರಿಯಪ್ಪ. ಮಾತು ಕೆಟ್ಟದ್ದಲ್ಲ. ಸಿರಾದಲ್ಲಿ ಅಮೀರ್‌ಜಾನ್ ಮಿಸ್ತ್ರಿಯ ಶೆಡ್ಡಿಗೆ ಟೆಂಪೋದಲ್ಲಿ ಹಾಕಿಸಿಕೊಂಡು ಹೋದ. ಎಂಜಿನ್ನಿನ ಪಿಸ್ಟನ್ ಒಳಗೇ ಕಚ್ಚಿಕೊಂಡು ಕೂತಿತ್ತು. ಸೀಮೆಎಣ್ಣೆ ಸುರಿದು, ನೆನೆಸಿ, ಕಟ್ಟಿಗೆಯ ತುಂಡಿಟ್ಟು ಮೆಲ್ಲಗೆ ತಟ್ಟಿ ಅದನ್ನು ಬಿಡಿಸಿದರು. ಸಿಗದ ಸಾಮಾನಿಗೆ ಪಾವಗಡದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದರು. ಕೊನೆಗೊಂದು ದಿನ ಮಿಸ್ತ್ರಿ ಹ್ಯಾಂಡಲ್ ಸುತ್ತಿದಾಗ ಅದು ಹೊಗೆ ಕಾರಿ ಡುಗ್ ಡುಗ್ ಎಂದಿತು. ನೋಡಲು ಜೊತೆಗೆ ಹೋಗಿದ್ದ ಲಕ್ಕಮ್ಮ, ಅಪ್ಪನ ಕೆಮ್ಮು ಕೇಳಿದಂತಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಂಡನ ಮೇಲೆ ಅವಳಿಗೆ ಪ್ರೀತಿ ಬಂದದ್ದು ಆವತ್ತೇ ಕೊನೆ.

ಆಮೇಲೆ ಶುರುವಾದದ್ದು ಬಣ್ಣದ ಹುಚ್ಚು. ಒಂದು ಕೋಟ್ ಆಯಿತು, ಒಣಗಲಿ ಎಂದ. ಒಣಗಿತು, ಇನ್ನೊಂದು ಕೋಟ್ ಎಂದ. ಈ ನಡುವೆ ಅಲ್ಲಿ ಇಲ್ಲಿ ಬಿದ್ದಿದ್ದ ಇನ್ನೆರಡು ಹಳೆ ಟಿಲ್ಲರ್ ತಂದು ಹುಲ್ಲಿನ ಚಪ್ಪರದಡಿ ನೀಲಿ ಟಾರ್ಪಾಲು ಹೊದಿಸಿದ. ಒಂದಕ್ಕೆ ಎಂಜಿನ್ ಇರಲಿಲ್ಲ. ಇನ್ನೊಂದು ಬರೀ ಎಂಜಿನ್.

"ಅವೆರಡ್ಕೂ ಮದ್ವೆ ಮಾಡ್ಬುಡು," ಎಂದಳು ಲಕ್ಕಮ್ಮ. "ಒಂದಾದ್ರೂ ಸಂಸಾರ ಆಯ್ತದೆ."

"ನಿಂಗ್ ತಿಳಿಯಲ್ಲ ಕಣೇ. ಇವು ಹಳೇವು. ಇಂಥವು ಈಗ ಬರಲ್ಲ."

"ನಾನೂ ಹಳೇವ್ಳೇ ಕಣಯ್ಯ. ನಂಗ್ ಯಾವತ್ತು ಬಣ್ಣ ಹೊಡ್ಸಿದ್ದೆ?"

ಮಣ್ಣು ಕೊಚ್ಚುವ ಬ್ಲೇಡುಗಳನ್ನೂ ಅವನು ಬಿಡಲಿಲ್ಲ. ಬಿಚ್ಚಿ ಸಿರಾಕ್ಕೆ ಒಯ್ದು ನಿಕ್ಕಲ್ ಪಾಲಿಷ್ ಮಾಡಿಸಿ, ತಾನೇ ಕೂತು ಜೋಡಿಸಿದ. ಆಮೇಲೆ ಕಟ್ಟೆ ಕಟ್ಟಿಸಿದ. ಆಯುಧಪೂಜೆಗೆ ನಂದೀಶ್ವರಯ್ಯ ಐನೋರನ್ನು ಕರೆಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳಕಾಯಿ ಒಡೆಸಿ, ಹಲಗೆಗಳ ಮೇಲೆ ಟಿಲ್ಲರನ್ನು ಹತ್ತಿಸಿ ಕೂರಿಸಿದ. ಪೂಜೆ ಮಾಡಿ ಕಟ್ಟೆಯ ಮೇಲೆ ಕೂರಿಸಿದ್ದನ್ನು ನಮ್ಮ ಜನ ಸುಮ್ಮನೆ ನೋಡಿಕೊಂಡು ಹೋಗುತ್ತಾರೆಯೇ? ಮಾರನೆಯ ದಿನವೇ ಯಾರೋ ಹೂವಿಟ್ಟರು. ಮೇಲಿನ ಬೀದಿಯ ನರಸಮ್ಮ ಸೊಂಟನೋವು ಹೋಗಲೆಂದು ಹಿಡಿಗೆ ಅರಿಶಿನದ ದಾರ ಕಟ್ಟಿದಳು. ಮೂಡಲಗಿರಿಯಪ್ಪ ಬೇಡವೆನ್ನಲಿಲ್ಲ. ಕುರ್ಚಿಯನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಂಡ.

ಅಷ್ಟರಲ್ಲಿ ಚಿತ್ತೆ ಮಳೆ ಬಿತ್ತು. ತೋಟ ಚೆನ್ನಾಗಿ ನೆನೆದು ಹದಕ್ಕೆ ಬಂತು. ಮಡಿಯಲ್ಲಿ ಬೆಳೆಸಿದ್ದ ಮೆಣಸಿನ ಸಸಿ ಗೇಣುದ್ದವಾಗಿ, ಇನ್ನು ತಡೆದರೆ ಬಲಿತು ಕೆಡುವ ಹಾಗಿತ್ತು. ಬಿಸಿಲೂ ಚುರುಕಾಗಿತ್ತು. ಮಣ್ಣು ಗಟ್ಟಿಯಾದರೆ ಮುಗಿಯಿತು, ತಾಯಿಯ ಬೀಜ ಆ ವರ್ಷಕ್ಕೆ ಇಲ್ಲ. ಗುದ್ದಲಿ ಹಿಡಿದು ಮೂಲೆಯಲ್ಲಿ ಒಂದಿಷ್ಟು ಅಗೆದ ಲಕ್ಕಮ್ಮ, ಭುಜ ಹಿಡಿದುಕೊಂಡು ನಿಂತು, ಗುದ್ದಲಿಯನ್ನು ಅಲ್ಲೇ ಬಿಸಾಡಿ ಮುಂಬಾಗಿಲಿಗೆ ಬಂದಳು. ಸಸಿ ನೆಡಲು ಬಂದಿದ್ದ ಹೆಂಗಸರು ಹಿಂದೆಯೇ ಬಂದರು.

"ಇಳ್ಸಯ್ಯ ಅದನ್ನ."

"ಲೇ, ಪೂಜೆ ಮಾಡಿ ಕೂರ್ಸಿರೋದು!"

ಕಾಯಿ ಪ್ರಸಾದದ ಆಸೆಗೆ ಬಂದು ಕೂತಿದ್ದ ನಂದೀಶ್ವರಯ್ಯನವರೂ ಬಾಯಿ ಹಾಕಿದರು. "ಅಂಗೆಲ್ಲ ಎಳೆದಾಡಬಾರದು ತಾಯಿ. ಎಬ್ಬಿಸೋಕೂ ಒಂದು ದಿನ ನೋಡಬೇಕು. ಬರೋ ಸೋಮವಾರ ಚೆನ್ನಾಗಿದೆ."

"ಆಗ್ಲಿ ಐನೋರೆ. ಸೋಮ್ವಾರದ ಗಂಟ ಒಣಗ್ಬ್ಯಾಡ ಅಂತ ನೆಲಕ್ಕೆ ನೀವೇ ಒಂದ್ ಮಾತು ಹೇಳ್ಬುಡಿ. ಅಂಗೇ ಆ ಬಿಸ್ಲಿಗೂ ಹೇಳಿ. ನಿಮ್ ಮಾತು ಕೇಳ್ತದೇನೋ."

ಐನೋರು ಆಕಾಶ ನೋಡಿದರು. ಲಕ್ಕಮ್ಮ ಸೀರೆ ಎತ್ತಿ ಕಟ್ಟಿ ಕಟ್ಟೆ ಹತ್ತಿದಳು. ಹೆಂಗಸರು ಹಲಗೆ ಹಾಕಿದರು. "ಬಣ್ಣ ಕಣೇ, ಬಣ್ಣ!" ಎಂದು ಅರಚುತ್ತ ಮೂಡಲಗಿರಿಯಪ್ಪ ಸುತ್ತ ಕುಣಿದ. ಟಿಲ್ಲರ್ ನೆಲಕ್ಕೆ ಬಂದಾಗ, ಇನ್ನು ತಡೆಯಲಾಗುವುದಿಲ್ಲವೆಂದು ತಿಳಿದು, "ಯಾರೂ ಮುಟ್‌ಬ್ಯಾಡಿ. ಓಡ್ಸೋದೇ ಆದ್ರೆ ನಾನೇ ಓಡುಸ್ತೀನಿ" ಎಂದು ಮುಂದೆ ಬಂದ.

"ಓಡ್ಸು. ನಾವು ಟಿಕೇಟ್ ತಗೋತೀವಿ."

ಓಣಿಯಲ್ಲಿ ತಳ್ಳಿಕೊಂಡು ಹೋಗಿ, ಡೀಸೆಲ್ ಹಾಕಿ, ಹ್ಯಾಂಡಲ್ ಸುತ್ತಿದರು. ಎಂಜಿನ್ ಗುಡುಗಿತು. ಮೂಡಲಗಿರಿಯಪ್ಪ ಅಭ್ಯಾಸಬಲದಿಂದ ಸೀಟಿ ಊದಿ, "ರೈಟ್!" ಎಂದು ಗೇರು ಹಾಕಿದ. ಬ್ಲೇಡುಗಳು ತಿರುಗಿದವು. ಆದರೆ ಮಣ್ಣಿಗೆ ಕಚ್ಚಲಿಲ್ಲ. ಟಿಲ್ಲರ್ ನೆಲದ ಮೇಲೆ ಕಪ್ಪೆಯಂತೆ ಕುಪ್ಪಳಿಸುತ್ತ, ಹಿಂದೆ ಜೋತುಬಿದ್ದ ಕಂಡಕ್ಟರನ್ನು ಎಳೆದುಕೊಂಡು ಓಡಿತು. ಅವನು "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದ. ಟಿಲ್ಲರ್ ಹರಳುಗಿಡಗಳ ಸಾಲಿಗೆ ನುಗ್ಗಿತು. ಲಕ್ಕಮ್ಮ ಓಡಿ ಬಂದು ಆಫ್ ಮಾಡಿದಳು. ನಗು ತಡೆಯಲಾರದೆ ಹೆಂಗಸರು ನೆಲಕ್ಕೆ ಕೂತುಬಿಟ್ಟರು.

ಲಕ್ಕಮ್ಮ ಬಗ್ಗಿ ನೋಡಿದಳು. ಉಳುಮೆ ಬ್ಲೇಡಿಗೆ ಎಡ ಬಲ ಎಂದಿದೆ. ಹರಿತವಾದ ಅಂಚು ಮೊದಲು ಮಣ್ಣಿಗೆ ಬೀಳಬೇಕು. ಇಲ್ಲಿ ಎಡದವೆಲ್ಲ ಬಲಕ್ಕೆ, ಬಲದವೆಲ್ಲ ಎಡಕ್ಕೆ ಕೂತಿದ್ದವು. ಬೆನ್ನಿನಿಂದ ಮಣ್ಣು ತಟ್ಟುತ್ತಿದ್ದವು, ಮಗು ಮಲಗಿಸುವವರಂತೆ.

"ಇಂಗ್ ಯಾಕ್ ಕಟ್ಟಿದ್ದೀಯ?"

"ರಸ್ತೆಯಿಂದ ನೋಡಿದ್ರೆ ದಾಸವಾಳದ ಎಸಳಿದ್ದಂಗೆ ಕಾಣ್ತದೆ," ಎಂದ ಮೂಡಲಗಿರಿಯಪ್ಪ, ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತ. "ಸರ್ಯಾಗ್ ಕಟ್ಟಿದ್ರೆ ಅಷ್ಟು ಅಂದ ಬರಲ್ಲ."

ಲಕ್ಕಮ್ಮ ಪಾನಾ ತಂದು ಅವನ ಕೈಗೆ ಹಾಕಿದಳು. "ಬಿಚ್ಚು. ಹೂವು ಆಮೇಲೆ ಮುಡ್ಕಳಣ."

ಅವನು ಬೋಲ್ಟು ಬಿಚ್ಚಿದ, ಅವಳು ಬದಲಾಯಿಸಿ ಕೊಟ್ಟಳು, ಅವನು ಬಿಗಿದ. ಆಮೇಲೆ ಅವಳು ಹಿಡಿ ಹಿಡಿದಳು. ಈ ಸಲ ಟಿಲ್ಲರ್ ಕುಪ್ಪಳಿಸಲಿಲ್ಲ. ಮೂತಿ ತಗ್ಗಿಸಿ ಗರ್ರನೆ ನೆಲಕ್ಕಿಳಿಯಿತು. ಹಿಂದೆ ಕಪ್ಪು ಮಣ್ಣು ಹಿಟ್ಟಿನಂತೆ ಬಿಚ್ಚಿಕೊಂಡಿತು, ಎಲ್ಲಿದ್ದವೋ ಬೆಳ್ಳಕ್ಕಿಗಳು ಬಂದು ಅವಳ ಹಿಂದೆ ಸಾಲುಹಿಡಿದವು. ನಿಕ್ಕಲ್ ಪಾಲಿಷ್ ಮೊದಲ ಸಾಲಿಗೇ ಹೋಯಿತು. ಗಿಳಿಹಸಿರಿನ ಮೇಲೆ ಹಸಿಮಣ್ಣು ಹಾರಿತು. ಮೂಡಲಗಿರಿಯಪ್ಪ ಒಂದೊಂದು ಸಾಲಿಗೂ ತನ್ನ ಕೆನ್ನೆಗೇ ಗೀರು ಬಿದ್ದಂತೆ ಮುಖ ಕಿವುಚಿಕೊಂಡ. ಸಂಜೆಯೊಳಗೆ ಸಸಿಗಳೆಲ್ಲ ನೆಲ ಸೇರಿದ್ದವು.

ಸೋಮವಾರ ನರಸಮ್ಮ ಹೊಸ ದಾರ ಹಿಡಿದು ಬಂದವಳು ಬರಿಗಟ್ಟೆ ನೋಡಿ ಗಾಬರಿಯಾದಳು. "ಎಲ್ಲೋಯ್ತವ್ವ ದ್ಯಾವ್ರು?"

"ಗೇಯಕ್ಕೋಗೈತೆ," ಎಂದಳು ಲಕ್ಕಮ್ಮ. "ಸೊಂಟ್ನೋವಾ? ಬಾ, ಹಿಂದ್ಗಡೆ ಕಳೆ ಐತೆ. ಬಗ್ಗಿ ಎದ್ರೆ ಸರಿಹೋಯ್ತದೆ."

ಈಗ ಆ ತಿರುವಿನಲ್ಲಿ ಬಸ್ಸು ನಿಧಾನವಾದಾಗ ಕಿಟಕಿಯಿಂದ ನೋಡಿದವರಿಗೆ ಬಿಳಿ ಟೈಲ್ಸಿನ ಮೇಲೆ ಹರಡಿದ ಕೆಂಪು ಮೆಣಸಿನಕಾಯಿ ಕಾಣುತ್ತದೆ. ಪಕ್ಕದ ಕುರ್ಚಿಯಲ್ಲಿ ಮೂಡಲಗಿರಿಯಪ್ಪ ಕೂತಿರುತ್ತಾನೆ. ಮೇಕೆ ಬಂದರೆ ಸೀಟಿ ಊದುತ್ತಾನೆ. ಕಾಯಿಯ ಬಣ್ಣ ಯಾರಾದರೂ ಹೊಗಳಿದರೆ, "ನಮ್ಮ ಟಿಲ್ಲರ್ ಉತ್ತಿದ್ದು. ನಾನೇ ರಿಪೇರಿ ಮಾಡ್ಸಿದ್ದು" ಎನ್ನುತ್ತಾನೆ.

"ಹೂಂ ಕಣಮ್ಮ," ಎಂದು ಒಳಗಿನಿಂದ ಲಕ್ಕಮ್ಮನ ದನಿ ಬರುತ್ತದೆ. "ಕಾಯಿಗೂ ಅವ್ರೇ ಬಣ್ಣ ಹೊಡ್ಸಿದ್ದು."