ನೆದರ್‌ಲ್ಯಾಂಡ್ಸ್‌ನ ಸಮೀಕ್ಷೆಗೆ ಸ್ಯಾಲಿಸ್‌ಬರಿಯ ದನಿ

ಬೆಳಗಿನ ಐದು ಗಂಟೆ. ಅಡಿಲೇಡ್‌ನ ಉತ್ತರಕ್ಕಿರುವ ಸ್ಯಾಲಿಸ್‌ಬರಿಯಲ್ಲಿ ಇನ್ನೂ ಮಬ್ಬು. ಇಂದುಮತಿ ಸ್ವೆಟರ್ ಮೇಲೊಂದು ಶಾಲು ಹೊದ್ದು, ಅಡುಗೆಮನೆಯ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ಮೊದಲ ಕರೆ ಬ್ರಿಸ್ಬೇನ್‌ನ ಬೇಕರಿ ಕೆಲಸಗಾರರೊಬ್ಬರಿಗೆ. "ಕಳೆದ ವಾರ ಎಷ್ಟು ಗಂಟೆ ದುಡಿದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿ, ಆತ ನೆನಪಿಸಿಕೊಳ್ಳುವವರೆಗೂ ಕಾಯುತ್ತಾರೆ.

"ಇವರೆಲ್ಲ ಕೆಲ್ಸಕ್ಕೆ ಹೊರಡೋ ಮುಂಚೆ ಮಾತ್ರ ಸಿಗ್ತಾರೆ, ಅವರೇ ಕೊಟ್ಟಿರೋ ಟೈಮು. ಬ್ರಿಸ್ಬೇನ್ ಮೊದಲು, ಆಮೇಲೆ ಅಡಿಲೇಡ್, ಪರ್ತ್ ಕೊನೇಗೆ. ಸೂರ್ಯ ಬರೋ ಆರ್ಡರ್‌ನಲ್ಲೇ ನಮ್ಮ ಡ್ಯೂಟಿ."

ನೆದರ್‌ಲ್ಯಾಂಡ್ಸ್‌ನಲ್ಲಿ ಹನ್ನೆರಡರ ವಯಸ್ಸಿಗೇ ಶಾಲೆ ಮಗುವಿಗೆ ಸಲಹೆ ಕೊಡುತ್ತದೆ: ನೀನು ಕಸುಬಿನ ಕಡೆಗೆ, ನೀನು ವಿಶ್ವವಿದ್ಯಾಲಯದ ಕಡೆಗೆ. ಹಾಗೆ ದಾರಿ ಹಿಡಿದ ಮಕ್ಕಳು ಮುಂದೆ ಏನಾದರು ಎಂದು ಅಲ್ಲಿಯ ಸಂಶೋಧಕರ ತಂಡವೊಂದು ಇಪ್ಪತ್ತೆರಡು ವರ್ಷಗಳಿಂದ ಹಿಂಬಾಲಿಸುತ್ತಿದೆ. ಅವರಲ್ಲಿ 143 ಮಂದಿ ಆಸ್ಟ್ರೇಲಿಯಾ ಸೇರಿದ್ದಾರೆ. ಪ್ರತಿ ವರ್ಷ ಅವರನ್ನು ಹುಡುಕಿ ಮಾತಾಡಿಸುವುದು ಅಡಿಲೇಡ್‌ನ ಸಮೀಕ್ಷಾ ಕಂಪನಿಯೊಂದರ ಪರವಾಗಿ ಇಂದುಮತಿಯ ಕೆಲಸ. ಒಬ್ಬರಿಗೆ ಇಪ್ಪತ್ತೈದು ನಿಮಿಷ. ಒಳ್ಳೆಯ ದಿನ ಆರು ಮಂದಿ ಸಿಗುತ್ತಾರೆ, ಕೆಲವು ದಿನ ಇಬ್ಬರೇ.

ಮೈಸೂರಿನ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವರು ಇವರು. ಎಂಜಿನಿಯರ್ ಪತಿ ಹೊನ್ನಪ್ಪನವರ ಕೆಲಸದ ಹಿಂದೆ ಇಲ್ಲಿಗೆ ಬಂದರು. "ನಲವತ್ತು ಅಪ್ಲಿಕೇಶನ್ ಹಾಕ್ದೆ. ಎರಡು ಕಡೆಯಿಂದ ಥ್ಯಾಂಕ್ ಯೂ ಬಂತು," ಎಂದು ನಗುತ್ತಾರೆ. ಕೊನೆಗೆ ಸಿಕ್ಕಿದ್ದು ಈ ಫೋನಿನ ಕೆಲಸ.

ಮೂರು ವರ್ಷದ ಹಿಂದೆ ಗಡುವು ಹತ್ತಿರ ಬಂದಾಗ ಮೂವತ್ತೊಂದು ಮಂದಿ ಫೋನ್ ಎತ್ತಿರಲಿಲ್ಲ. ಹೋದ ವರ್ಷದ ಉತ್ತರಗಳನ್ನೇ ತುಂಬಿಬಿಡಿ, ಒಂದು ವರ್ಷದಲ್ಲಿ ಯಾರ ಕೆಲಸ ಬದಲಾಗುತ್ತದೆ ಎಂದರು ಕಂಪನಿಯ ಮೇಲ್ವಿಚಾರಕರು. ಇಂದುಮತಿ ಒಪ್ಪಲಿಲ್ಲ. ವಾರಕ್ಕೆ ಐದು ದಿನವಿದ್ದ ಅವರ ಕೆಲಸ ಎರಡು ದಿನಕ್ಕಿಳಿಯಿತು. ಫಾರಂಗಳನ್ನು ಬೇರೆಯವರು ತುಂಬಿ ಕಳಿಸಿದರು. "ಯಾವುದೋ ದೇಶದ ಸರ್ವೇಗೆ ನಿಂಗ್ಯಾಕೆ ಇಷ್ಟು ತಲೆನೋವು ಅಂತ ಮನೇಲಿ ಇವರೂ ಬೈದ್ರು."

ಮರುವಾರ ಪರ್ತ್‌ನ ಎಲೆನ್‌ಬ್ರೂಕ್‌ನಿಂದ ಒಬ್ಬರು ತಾವಾಗಿಯೇ ಫೋನ್ ಮಾಡಿದರು. ಇಂದುಮತಿಯ ಏಳು ಮಿಸ್ಡ್ ಕಾಲ್ ನೋಡಿದ್ದರಂತೆ. ಅವರ ಹೆಸರನ್ನು ಇಂದುಮತಿ ನನಗೂ ಹೇಳಲಿಲ್ಲ. ಛಾವಣಿ ಹಾಕುತ್ತಿದ್ದ ಆತ ಬಿದ್ದು ಬೆನ್ನು ಮುರಿದುಕೊಂಡು ಆರು ತಿಂಗಳು ಮಲಗಿದ್ದರು. ಈಗ ಕಸುಬು ಕಲಿಸುವ ಮೇಷ್ಟ್ರಾಗಲು ಓದುತ್ತಿದ್ದರು.

"ಓದು ನಿನ್ನ ತಲೆಗೆ ಹತ್ತಲ್ಲ ಅಂತ ಹನ್ನೆರಡನೇ ವಯಸ್ಸಲ್ಲೇ ಶಾಲೇಲಿ ಹೇಳಿದ್ರಂತೆ. ಅದನ್ನೂ ಬರ್ಕೊಂಡು, ಆಮೇಲೆ ಮುಂದಿನ ಪ್ರಶ್ನೆ ಕೇಳ್ದೆ."

ಕಳಿಸಿದ್ದ ಫಾರಂನಲ್ಲಿ ಆತ ಇನ್ನೂ ಛಾವಣಿಯ ಮೇಲೇ ಇದ್ದರು. ಅವತ್ತೇ ಇಂದುಮತಿ ನೆದರ್‌ಲ್ಯಾಂಡ್ಸ್‌ಗೆ ಪತ್ರ ಬರೆದರು. ಸಂಶೋಧಕರು ಮೂವತ್ತೊಂದು ಮಂದಿಗೂ ಮತ್ತೆ ಫೋನ್ ಮಾಡಿಸಿದರು. ಸಿಕ್ಕ ಇಪ್ಪತ್ತಾರರಲ್ಲಿ ಒಂಬತ್ತು ಜನರ ಕೆಲಸ ಬದಲಾಗಿತ್ತು. ಮೇಲ್ವಿಚಾರಕರ ಜಾಗಕ್ಕೆ ಬೇರೆಯವರು ಬಂದರು, ಐದು ದಿನದ ಕೆಲಸ ಮರಳಿತು. ಯಾರೂ ಕ್ಷಮೆ ಕೇಳಲಿಲ್ಲ.

ಪ್ರಕಟವಾಗುವ ವರದಿಗಳಲ್ಲಿ ಅವರ ಹೆಸರಿರುವುದಿಲ್ಲ. ಬೇಸರವಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಈ ವರ್ಷದ ಪಟ್ಟಿಯಲ್ಲಿ ಇಬ್ಬರು ಸಿಕ್ಕಿಲ್ಲ. 'ಗೊತ್ತಿಲ್ಲ' ಎಂದಷ್ಟೇ ಬರೆದಿರುವ ಆ ಎರಡು ಸಾಲುಗಳನ್ನು ನನಗೆ ತೋರಿಸುತ್ತಾರೆ.

"ನಾನು ಗೊತ್ತಿಲ್ಲ ಅಂತ ಬರೆದ್ರೆ, ಅಲ್ಲಿಯವರು ಅದನ್ನೂ ನಂಬ್ತಾರೆ."