ನನ್ನನ್ನು ಕೊಟ್ಟು ಬ್ಯಾಟ್ಸ್‌ಮನ್ ತರಲು ಹೊರಟವರು

ಮೊದಲೇ ಹೇಳಿಬಿಡುತ್ತೇನೆ, ನಾನು ಬೌಲರ್. ತಂಡಕ್ಕೆ ಬೇಕಾದದ್ದು ಬೌಲಿಂಗೋ ಬ್ಯಾಟಿಂಗೋ ಎಂಬ ಜಗಳದಲ್ಲಿ ನನ್ನಿಂದ ನ್ಯಾಯ ನಿರೀಕ್ಷಿಸಬೇಡಿ. ಹತ್ತು ಜನ ಬ್ಯಾಟ್ಸ್‌ಮನ್‌ಗಳು ಕೂಡಿ ಬ್ಯಾಟಿಂಗ್ ದೊಡ್ಡದು ಎಂದು ತೀರ್ಪು ಕೊಟ್ಟಾಗ ಅದನ್ನು ನ್ಯಾಯ ಎಂದು ಕರೆದರಲ್ಲ, ಹಾಗಿದ್ದ ಮೇಲೆ ನನ್ನ ಪಕ್ಷಪಾತವೂ ಇರಲಿ.

ನಮ್ಮದು ಹ್ಯಾಂಬರ್ಗಿನ ಒಂದು ಸಣ್ಣ ಕ್ರಿಕೆಟ್ ಕ್ಲಬ್ಬು. ಎಲ್ಲಕ್ಕಿಂತ ಕೆಳಗಿನ ದರ್ಜೆಯ ಲೀಗು, ಆದ್ದರಿಂದ ಹೆಂಗಸರೂ ಗಂಡಸರ ಜೊತೆ ಆಡಬಹುದು. ಹೆಂಗಸು ನಾನೊಬ್ಬಳೇ. ಉಳಿದವರು ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಹುಡುಗರು, ಮತ್ತೆ ನಮ್ಮ ಧಾರವಾಡದ ಕಡೆಯ ಒಂದಿಬ್ಬರು. ಅವರಲ್ಲಿ ಒಬ್ಬರು ನಮ್ಮ ಮನೆಯವರು. ಅವರೇ ಕ್ಯಾಪ್ಟನ್. ಹತ್ತಕ್ಕೆ ಹತ್ತೂ ಜನ ತಮ್ಮನ್ನು ಬ್ಯಾಟ್ಸ್‌ಮನ್ ಎಂದೇ ಪರಿಚಯಿಸಿಕೊಳ್ಳುತ್ತಾರೆ. ಬಾಲ್ ಕೈಗೆ ಕೊಟ್ಟರೆ ಒಬ್ಬನಿಗೆ ಭುಜ ನೋವು, ಇನ್ನೊಬ್ಬನಿಗೆ ಸೊಂಟ ನೋವು. ಹತ್ತು ಜನ ಮದುಮಕ್ಕಳು, ಓಲಗ ಊದಲು ನಾನೊಬ್ಬಳು.

ಬೌಲಿಂಗ್ ನಾನು ಆರಿಸಿಕೊಂಡದ್ದಲ್ಲ. ಚಿಕ್ಕವಳಿದ್ದಾಗ ಧಾರವಾಡದ ನಮ್ಮ ಓಣಿಯಲ್ಲಿ ಹುಡುಗಿಗೆ ಯಾರೂ ಬ್ಯಾಟ್ ಕೊಡುತ್ತಿರಲಿಲ್ಲ, ಬಾಲ್ ಹಾಕುವುದಿದ್ದರೆ ಬಾ ಎನ್ನುತ್ತಿದ್ದರು. ಸರಿ, ಹಾಕಿದೆ. ಸಂಜೆಯಿಡೀ ಹಾಕಿ ಹಾಕಿ ಬೆರಳಿಗೆ ಸ್ಪಿನ್ ಬಂತು. ಇಲ್ಲಿ ಫುಟ್‌ಬಾಲ್ ಮೈದಾನದ ಪಕ್ಕದಲ್ಲಿ ಮ್ಯಾಟ್ ಹಾಸಿ ಆಡುತ್ತೇವೆ. ಆ ಮ್ಯಾಟಿನ ಮೇಲೆ ನನ್ನ ಬಾಲು ತಿರುಗುವುದನ್ನು ಒಮ್ಮೆ ನೋಡಬೇಕು.

ಈ ಸೀಸನ್ನಿನ ಮೊದಲ ಮೂರು ಪಂದ್ಯ ಸೋತೆವು. ಮೂರರಲ್ಲೂ ಎದುರಿನವರು ಇನ್ನೂರು ದಾಟಿಸಿದರು. ವೈಡುಗಳೇ ವೈಡುಗಳು, ಕೈಗೆ ಬಂದ ಕ್ಯಾಚುಗಳು ಹುಲ್ಲಿನ ಮೇಲೆ. ಆದರೆ ಮೂರನೆಯ ಪಂದ್ಯದ ನಂತರ ತಿಂಡಿ ಸುಡುವ ಗ್ರಿಲ್ ಸುತ್ತ ನಿಂತು ಎಲ್ಲರೂ ಕಂಡುಹಿಡಿದ ರೋಗವೇ ಬೇರೆ. ನಮಗೊಬ್ಬ ಬಿಗ್ ಹಿಟ್ಟರ್ ಬೇಕಂತೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಹಾಗಾಯಿತು. ಊರಿನ ಇನ್ನೊಂದು ಕ್ಲಬ್ಬಿನಲ್ಲಿ ಅಂಥ ಒಬ್ಬನಿದ್ದ, ಅವರಿಗೆ ಸ್ಪಿನ್ನರ್ ಇರಲಿಲ್ಲ. ಅವನನ್ನು ತಂದು ನನ್ನನ್ನು ಕೊಡುವುದು ಎಂದು ಅಲ್ಲೇ ಮಾತಾಯಿತಂತೆ, ನನಗೆ ಗೊತ್ತಾದದ್ದು ಆಮೇಲೆ. ಆಗ ನಾನು ಮೈದಾನದ ನಡುವೆ ಒದ್ದೆ ಮ್ಯಾಟು ಸುತ್ತುತ್ತಿದ್ದೆ. ಮ್ಯಾಟು ಸುತ್ತುವುದು ಬೌಲರನ ಕೆಲಸ ಎಂದು ಯಾರು ವಿಧಿಸಿದರೋ ಕಾಣೆ.

ಇಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಬಂದರಿನ ಹತ್ತಿರದ ಆಫೀಸಿನಲ್ಲಿ ನಾನು ದಿನವಿಡೀ ಕಂಟೇನರುಗಳ ಕಾಗದ ನೋಡುವವಳು. ಜರ್ಮನ್ ಫಾರ್ಮಿನ ಒಂದು ಸಾಲು ತಪ್ಪಿದ್ದರೂ ವಾಪಸ್ ಕಳಿಸುತ್ತೇನೆ. ಮನೆಗೆ ಬಂದರೆ ಮಾತ್ರ ಯಜಮಾನರು ಬೆರಳಿಟ್ಟಲ್ಲಿ ಸಹಿ. ಮನೆಯ ಕಾಗದಪತ್ರ ಅವರದು ಎಂದು ಮದುವೆಯಾದಾಗಿನಿಂದ ನಡೆದು ಬಂದಿತ್ತು. ಓದಲು ಬಾರದೆ ಅಲ್ಲ, ಓದುವ ಗರಜು ಬೀಳದೆ.

ಮುಂದಿನ ಶನಿವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಅವರು ಮೂರು ಕಾಗದ ತಂದಿಟ್ಟರು. ಮೇಲಿನದು ಮಗಳ ಶಾಲೆಯ ಪ್ರವಾಸದ ಒಪ್ಪಿಗೆ, ನಡುವಿನದು ಮನೆ ಮಾಲೀಕನಿಗೆ ಮನೆ ಬೆಚ್ಚಗಿಡುವ ಹೈಟ್ಸುಂಗ್ ಕೆಟ್ಟದ್ದರ ಪತ್ರ. ಎರಡಕ್ಕೂ ಸಹಿ ಹಾಕಿದೆ. ಮೂರನೆಯದಕ್ಕೆ ಬರುವಾಗ ಪೆನ್ನು ನಿಂತಿತು. ಅವರು ಇನ್ನೊಂದು ಪೆನ್ನು ಹುಡುಕಲು ಒಳಗೆ ಹೋದರು. ಕೈ ಖಾಲಿ ಇತ್ತಲ್ಲ, ಓದಿದೆ. ಈ ಆಟಗಾರ್ತಿ ತನ್ನ ಸ್ವಂತ ಇಚ್ಛೆಯಿಂದ ಈ ಕ್ಲಬ್ ಬಿಟ್ಟು ಆ ಕ್ಲಬ್ ಸೇರುತ್ತಿದ್ದಾಳೆ. ಕೆಳಗೆ ನನ್ನ ಹೆಸರು, ಹುಟ್ಟಿದ ದಿನ, ಸಹಿಗೆ ಗೆರೆ.

ಇನ್ನೊಮ್ಮೆ ಓದಿದೆ. ಆಮೇಲೆ ಮೈಯೆಲ್ಲ ಉರಿಯಿತು.

ಅವರು ಪೆನ್ನು ಹಿಡಿದು ಬಂದಾಗ ಕಾಗದ ಅವರ ಕಡೆ ತಿರುಗಿಸಿದೆ. ಮುಖ ಸಣ್ಣದಾಯಿತು, ಆದರೂ ಬಿಡಲಿಲ್ಲ. "ಎಲ್ಲಾರೂ ಒಪ್ಯಾರ. ಅವರಿಗೆ ಸ್ಪಿನ್ನರ್ ಬೇಕು, ನಮಗ ಬ್ಯಾಟ್ಸ್‌ಮನ್ ಬೇಕು, ಅಷ್ಟ."

"ಎಲ್ಲಾರೂ ಅಂದ್ರ ಯಾರ್ರಿ? ನಾ ಒಪ್ಪೀನೇನು?"

ಆ ಕ್ಲಬ್ಬಿನ ಮೈದಾನ ಮನೆಗೆ ಹತ್ತಿರ, ಊ-ಬಾನ್ ರೈಲು ಬದಲಿಸುವುದೂ ಬೇಡ ಎಂದು ಸಮಾಧಾನ ಹೇಳಿದರು. ಹತ್ತಿರವಿದ್ದರೆ ನೀವೇ ಹೋಗಿ ಎಂದೆ. ಹೊಸ ಪೆನ್ನು ತೆಗೆದುಕೊಂಡು, ಸಹಿಯ ಗೆರೆಯ ಮೇಲೆ ಜರ್ಮನ್ನಿನಲ್ಲಿ ನನಗೆ ಇಂಥ ಇಚ್ಛೆ ಇಲ್ಲ ಎಂದು ದಪ್ಪಗೆ ಬರೆದೆ. ಅದರ ಫೋಟೊ ತೆಗೆದು ಕ್ಲಬ್ಬಿನ ವಾಟ್ಸಾಪ್ ಗುಂಪಿಗೂ ಹಾಕಿದೆ. ಹತ್ತು ಬ್ಯಾಟ್ಸ್‌ಮನ್‌ಗಳಿಂದ ಆಗದ್ದು ಹನ್ನೊಂದನೆಯವನಿಂದ ಹೇಗೆ ಆಗುತ್ತದೆ, ಇದ್ದೊಬ್ಬ ಬೌಲರನ್ನೂ ಕಳಿಸಿ ಇನ್ನೂರನ್ನು ಮುನ್ನೂರು ಮಾಡಿಕೊಳ್ಳುತ್ತೀರಾ ಎಂದು ಕೇಳಿದೆ. ಕೊನೆಗೆ ಮೈಸೂರಿನ ಹುಡುಗನೊಬ್ಬ, ಮೇಡಂ, ಪರ್ಸನಲ್ಲಾಗಿ ತಗೋಬೇಡಿ ಎಂದು ಬರೆದ. ನನ್ನನ್ನೇ ಎತ್ತಿ ಕೊಡುವಾಗ ನಾನು ಇನ್ನು ಹೇಗಪ್ಪಾ ತಗೋಬೇಕು?

ಭಾನುವಾರ ಪಂದ್ಯ. ಟ್ರೇನಿನಲ್ಲಿ ನಾವಿಬ್ಬರೂ ಎದುರುಬದುರು ಕೂತು ಕಿಟಕಿಯ ಹೊರಗೆ ನೋಡಿಕೊಂಡು ಹೋದೆವು. ಆ ಹಿಟ್ಟರ್ ಬರಲಿಲ್ಲ, ನಾನು ಹೋಗದೆ ಅವನನ್ನು ಬಿಡುವವರು ಯಾರು? ಬೇರೆ ದಾರಿಯಿಲ್ಲದೆ ಮೊದಲ ಓವರ್ ನನಗೇ ಬಂತು. ಜಿನುಗು ಮಳೆಗೆ ಬಾಲು ಸಾಬೂನಿನಂತೆ ಜಾರುತ್ತಿತ್ತು. ಎರಡು ಸಿಕ್ಸರ್ ಹೋದವು. ಎರಡನೆಯ ಸಿಕ್ಸರಿಗೆ ನಮ್ಮವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ಕಂಡಿತು. ನೋಡಿದ್ರಾ, ಇದಕ್ಕೇ ಹೇಳಿದ್ದು ಎಂಬ ನೋಟ.

ಎದುರು ತುದಿಯಿಂದ ಹುಡುಗನೊಬ್ಬನ ಓವರ್ ಮುಗಿಯಿತು, ಮತ್ತೆ ನನ್ನ ಸರದಿ. ಬಾಲು ಉರುಳಿಕೊಂಡು ನನ್ನ ಬಳಿಯೇ ಬಂತು, ಎತ್ತಿಕೊಂಡೆ. ಅವರು ಹತ್ತಿರ ಬಂದು ಕೈ ಚಾಚಿದರು. ಇನ್ನೊಬ್ಬನಿಗೆ ಕೊಡುವ ಲೆಕ್ಕ. ಅಂಪೈರ್ ಕಾಯುತ್ತಿದ್ದರು, ಹುಡುಗರೆಲ್ಲ ನಮ್ಮನ್ನೇ ನೋಡುತ್ತಿದ್ದರು. ವಾಟ್ಸಾಪಿನಲ್ಲಿ ಬರೆದದ್ದು ಬೇರೆ, ಗಂಡನ ಮಾತಿಗೆ ನಾಲ್ಕು ಜನರ ಮುಂದೆ ನಿಂತು ಎದುರಾಡಿದವಳಲ್ಲ ನಾನು.

"ನನ್ನ ಕೇಳಲಾರದ ನನ್ನ ಕೊಟ್ಟುಬಿಟ್ಟಿದ್ರಿ," ಎಂದೆ. "ಈ ಬಾಲ್ ಆದ್ರೂ ನಾ ಕೊಟ್ಟಾಗ ತಗೋರಿ."

ಅವರು ಚಾಚಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮಿಡ್-ಆಫ್‌ಗೆ ಹೋಗಿ ನಿಂತರು. ಆ ಓವರಿನಲ್ಲಿ ವಿಕೆಟ್ ಬಿತ್ತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬೀಳಲಿಲ್ಲ. ನನ್ನ ತುದಿಯಿಂದ ಮುಂದಿನ ಓವರನ್ನೂ ನಾನೇ ಹಾಕಿದೆ.