ಅಕ್ಕನ ಗುರುವಾರದ ಚಿಕಿತ್ಸೆ

ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನಿಗೆ ಚೌಕಡಿಯ ಭಯ ಹತ್ತಿಕೊಂಡರೆ ಅವನ ಗತಿ ಏನಾದೀತು, ನೀವೇ ಯೋಚಿಸಿ. ನಮ್ಮೂರ ಸೀರೆಯ ಚೆಲುವೆಲ್ಲ ಅದರ ಒಡಲ ತುಂಬ ಹರಡಿಕೊಂಡ ಆ ಪುಟ್ಟ ಪುಟ್ಟ ಚೌಕಗಳಲ್ಲಿದೆ. ಅಪ್ಪನ ತೊಡೆಯ ಮೇಲೆ ಕುಳಿತು ಅವುಗಳ ಮೇಲೆ ಬೆರಳಾಡಿಸುತ್ತ ಬೆಳೆದವನು ನಾನು. ಗಂಜಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಕಣ್ಣು ಮುಚ್ಚಿಕೊಂಡೇ ಸೀರೆಯನ್ನು ಮಡಿಕೆಗೆ ಮಡಿಕೆ ಕೂಡಿಸಿ ಇಡಬಲ್ಲೆ. ಅಂಥ ನಾನು ಶಿವರಾತ್ರಿ ಕಳೆದ ಮೇಲೆ ಕೆಲವು ವಾರ ಗಿರಾಕಿಯ ಮುಂದೆ ಸೀರೆ ಬಿಚ್ಚಿ ಹಾಸಿ, ಕಣ್ಣನ್ನು ಮಾತ್ರ ಗೋಡೆಗೆ ನೆಟ್ಟು ಕೂರುತ್ತಿದ್ದೆ. ಯಾಕೆಂದರೆ ಆ ಚೌಕಗಳು ಉಸಿರಾಡುತ್ತಿದ್ದವು. ಒಬ್ಬ ಹೆಣ್ಣುಮಗಳು ನನ್ನ ನೋಟ ತಪ್ಪುವುದನ್ನು ಕಂಡು, ಮಾಲಿನಲ್ಲಿ ಏನೋ ಹರಕು ಇರಬೇಕೆಂದು ಸೀರೆಯನ್ನು ಬೆಳಕಿಗೆ ಹಿಡಿದು ಇಂಚಿಂಚೂ ಪರೀಕ್ಷಿಸಿದಳು. ಹರಕು ಇದ್ದದ್ದು ಸೀರೆಯಲ್ಲಲ್ಲ, ಸಾವಕಾರನಲ್ಲಿ ಎಂದು ಅವಳಿಗೆ ಹೇಗೆ ಹೇಳಲಿ.

ನಡೆದದ್ದು ಇಷ್ಟು. ಶಿವರಾತ್ರಿಯ ದಿನ ಮಾಲು ತರಲೆಂದು ಗದ್ವಾಲಕ್ಕೆ ಹೋಗಿದ್ದೆ. ಅಲ್ಲಿ ನನಗೆ ಸೀರೆ ಒದಗಿಸುವ ಬಸಣ್ಣ ಹಳೆಯ ಸ್ನೇಹಿತ. ಹಬ್ಬದ ದಿನ ಬಂದು ದೇವರ ಮುಖ ನೋಡದೆ ಹೋಗುವುದುಂಟೇ ಎಂದು ನದಿಯ ದಂಡೆಯಲ್ಲಿದ್ದ ಸಣ್ಣ ಗುಡಿಗೆ ಕರೆದೊಯ್ದ. ಬೆಳಗಿನಿಂದ ಉಪವಾಸ, ನೀರು ಕೂಡ ಲೆಕ್ಕಕ್ಕಷ್ಟೇ. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಬೈರಾಗಿ, ಬಂದವರ ಕೈಗೆಲ್ಲ ಹಸಿರು ಛಾಯೆಯ ಒಂದೊಂದು ಉಂಡೆ ಇಡುತ್ತಿದ್ದ. ಉಪವಾಸದಲ್ಲಿ ತಿನ್ನಬಹುದೋ ಬಾರದೋ ಎಂಬ ಜಿಜ್ಞಾಸೆ ಪ್ರಸಾದದ ಮುಂದೆ ನಡೆಯುವುದಿಲ್ಲ. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ಬಸಣ್ಣ ತನ್ನ ಪಾಲನ್ನು ನನ್ನ ಅಂಗೈಗೆ ಜಾರಿಸಿದ.

"ನನಗ ಸಕ್ಕರಿ ಬ್ಯಾನಿ ಐತ್ರಿ ಸಾವಕಾರ್ರ, ನನ್ನದೂ ನೀವ ತಗೋರಿ. ಪ್ರಸಾದ ಒಗಿಯಾಕ ಬರಂಗಿಲ್ಲ."

ಒಗೆಯಲು ಬರುವುದಿಲ್ಲ, ನೆಲಕ್ಕೆ ಬೀಳಿಸಲು ಬರುವುದಿಲ್ಲ, ಜೇಬಿಗೆ ಹಾಕಿದರೆ ಅಂಗಿ ಕೆಡುತ್ತದೆ. ಭಕ್ತಿಯಿಂದ ಎರಡನೆಯದನ್ನೂ ನುಂಗಿದೆ. ಅದರಲ್ಲಿ ಭಂಗಿ ಸೊಪ್ಪು ಇತ್ತೆಂಬುದು ಗೊತ್ತಾಗುವ ಹೊತ್ತಿಗೆ ನಾನು ಬಸಣ್ಣನ ಮನೆಯ ಪಡಸಾಲೆಯಲ್ಲಿ ಅಂಗಾತ ಬಿದ್ದು, ತೊಲೆಗಳು ಒಂದರ ಮೇಲೊಂದು ಹರಿದಾಡುವುದನ್ನು ನೋಡುತ್ತಿದ್ದೆ. ಕೈ ಎತ್ತಿದರೆ ಅದು ಯಾರದೋ ಕೈ. ನನ್ನ ಹೆಸರನ್ನು ನಾನೇ ಕೂಗಿಕೊಂಡರೆ ಪಕ್ಕದ ಓಣಿಯವರನ್ನು ಕರೆದಂತೆ ಕೇಳುತ್ತಿತ್ತು. 'ನಾನು' ಎಂಬುದು ಅಳಿಯಬೇಕು, ಅದೇ ಮುಕ್ತಿ ಎಂದು ಮಠದ ಪ್ರವಚನಗಳಲ್ಲಿ ಎಷ್ಟು ಸಲ ಕೇಳಿ ತಲೆದೂಗಿಲ್ಲ ನಾನು. ನಿಜವಾಗಿಯೂ ಒಂದು ಮಧ್ಯಾಹ್ನ ಆ 'ನಾನು' ಎದ್ದು ಹೊರಟು ನಿಂತಾಗ, ಅದರ ಕಾಲು ಗಟ್ಟಿಯಾಗಿ ಹಿಡಿದುಕೊಂಡು, ಹೋಗಬೇಡಪ್ಪಾ, ಇದ್ದ ಹಾಗೇ ಇರು ಎಂದು ಅತ್ತುಬಿಟ್ಟೆ. ಅಷ್ಟು ಪ್ರೀತಿ ನನಗೆ ನನ್ನ ಮೇಲಿತ್ತೆಂದು ಅಲ್ಲಿಯ ತನಕ ಗೊತ್ತಿರಲಿಲ್ಲ.

ಅಮಲು ಮರುದಿನಕ್ಕೆ ಇಳಿಯಿತು, ಅಂಜಿಕೆ ಇಳಿಯಲಿಲ್ಲ. ಕಣ್ಣು ತೆರೆದಿರುವಷ್ಟು ಹೊತ್ತು ಹೇಗೋ ನಡೆಯುತ್ತಿತ್ತು. ರೆಪ್ಪೆ ಕೂಡಿದರೆ ಸಾಕು, ಅದೇ ಪಡಸಾಲೆ, ಅದೇ ಹರಿದಾಡುವ ತೊಲೆ, ಅದೇ ಪರಕೀಯ ಕೈ. ನಿದ್ದೆ ಎಂಬುದು ಬಂದು ಬಾಗಿಲು ತಟ್ಟಿದಾಗಲೆಲ್ಲ ನಾನೇ ಒಳಗಿನಿಂದ ಅಗಳಿ ಹಾಕಿ ಕೂರುತ್ತಿದ್ದೆ. ಪಾಲಮೂರಿನ ಡಾಕ್ಟರು ಎಲ್ಲ ನೋಡಿ, ಮೈಯಲ್ಲಿ ಅದರ ಅಂಶ ಏನೂ ಉಳಿದಿಲ್ಲ, ಹೆದರಿಕೆ ಉಳಿದಿದೆ, ಅದೂ ಹೋಗುತ್ತದೆ ಎಂದು ಗುಳಿಗೆ ಬರೆದುಕೊಟ್ಟರು. ಹೆಂಡತಿ ಶಾಂತಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮನೆಯವರೆಲ್ಲ ಕೆಮ್ಮಿದ್ದೇ ಬಂತು. ನನ್ನ ಭಯ ಒಂದೇ ಆಗಿತ್ತು: ಹೀಗೇ ಉಳಿದುಬಿಟ್ಟರೆ? ಇವಳು ಕಟ್ಟಿಕೊಂಡ ಮನುಷ್ಯ ಗದ್ವಾಲದಲ್ಲೇ ಉಳಿದು, ಅವನಂತೆ ಕಾಣುವ ಇನ್ನೊಬ್ಬ ಇವಳ ಜೊತೆ ಬಾಳುವೆ ಮಾಡಬೇಕಾಗಿ ಬಂದರೆ? ಅದನ್ನೂ ಒಂದು ದಿನ ಬಾಯಿಬಿಟ್ಟು ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀವು ಇಲ್ಲೇ ಅದೀರಿ, ನಾನೂ ಇಲ್ಲೇ ಅದೀನಿ. ಆದ್ರ ನಿಮ್ಮ ಅಕ್ಕಗ ಫೋನ್ ಮಾಡೀನಿ, ಗುರುವಾರ ಹೋಗಿ ಬರ್ರಿ."

ಇಲ್ಲಿ ನಮ್ಮ ಅಕ್ಕನ ಪರಿಚಯ ಮಾಡಿಕೊಡಬೇಕು. ನೀಲಮ್ಮ, ಮಕ್ತಲದವಳು, ಅಂಗನವಾಡಿ ಟೀಚರಾಗಿ ಊರಿನ ಅರ್ಧ ಮಕ್ಕಳಿಗೆ ಮೂಗು ಒರೆಸಿ ನಿವೃತ್ತಳಾದವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೂ ಅವಳೇ ಆದ್ದರಿಂದ, ಇವತ್ತಿಗೂ ನನಗೆ ಸ್ವಂತ ಬುದ್ಧಿ ಇದೆಯೆಂದು ಒಪ್ಪುವುದಿಲ್ಲ. ಭಾವ ತೀರಿಕೊಂಡ ಮೇಲೆ, ಸುಮ್ಮನೆ ಕೂರಲಾರೆನೆಂದು ರಾಯಚೂರಿಗೆ ಹೋಗಿ ರೇಕಿ ಕಲಿತು ಬಂದಳು. ಅಂಗೈಯಿಂದ ಶಕ್ತಿ ಹರಿಸುವ ವಿದ್ಯೆಯಂತೆ. ಮುಟ್ಟಬೇಕಾಗಿಲ್ಲ, ಒಂದು ಗೇಣು ಮೇಲೆ ಕೈ ಹಿಡಿದರೆ ಸಾಕಂತೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಭಾವನ ಫೋಟೋದ ಪಕ್ಕ ತೂಗುಹಾಕಿದ್ದಾಳೆ, ಇಬ್ಬರಿಗೂ ದಿನಾ ಹೂವು ಏರಿಸುತ್ತಾಳೆ. ಮೊಬೈಲಿನ ತೆಲುಗು ರೇಕಿ ಗುಂಪಿನಲ್ಲಿ ಬೆಳಗಾದರೆ ಎಲ್ಲರಿಗೂ ಶಕ್ತಿ ಕಳಿಸುತ್ತಾಳೆ. ನಾನು ಈ ವಿದ್ಯೆಯನ್ನು ಎಷ್ಟು ಗೇಲಿ ಮಾಡಿದ್ದೆನೆಂದರೆ, ಅವಳ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ, ಅಕ್ಕಾ ಸ್ವಲ್ಪ ಕೈ ಹಿಡಿ, ಫ್ಯಾನಾದರೂ ತಿರುಗಲಿ ಎನ್ನುತ್ತಿದ್ದೆ.

ಗುರುವಾರ ಅಂಗಡಿಗೆ ರಜೆ. ಊಟದ ಹೊತ್ತಿಗೆ ಮಕ್ತಲಕ್ಕೆ ಹೋದೆ. ಅವಳು ಗೇಲಿಯ ಸುದ್ದಿ ಎತ್ತಲಿಲ್ಲ. ಮೊದಲು ಡಾಕ್ಟರ ಚೀಟಿ ಕೇಳಿ, ಕನ್ನಡಕ ಹಾಕಿಕೊಂಡು ಓದಿದಳು.

"ಗುಳಿಗಿ ಬಿಡಬ್ಯಾಡ. ಇಲ್ಲಿಗೆ ಬರೋದೂ ಬಿಡಬ್ಯಾಡ. ಅದು ಅದರ ಕೆಲಸ ಮಾಡ್ತೈತಿ, ನಾ ನನ್ನ ಕೆಲಸ ಮಾಡ್ತೀನಿ. ಕುಂಡ್ರು, ಕಣ್ಣು ಮುಚ್ಚು."

"ಕಣ್ಣು ಮುಚ್ಚಾಕ ಆಗವಲ್ದು, ಅಕ್ಕಾ."

"ಹಂಗಾರ ತೆರಕೊಂಡೇ ಇರು. ಶಕ್ತಿಗೇನು, ರೆಪ್ಪಿ ಅಡ್ಡ ಬರ್ತಾವೇನು?"

ನನ್ನನ್ನು ನೆಲದ ಮೇಲೆ ಮಣೆ ಹಾಕಿ ಕೂರಿಸಿ, ಹಿಂದೆ ತಾನು ಕುರ್ಚಿಯಲ್ಲಿ ಕುಳಿತು, ನೆತ್ತಿಯ ಮೇಲೆ ಅಂಗೈ ಹಿಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ಕುಳಿತೆ. ಏನಾದರೂ ಹರಿಯಿತೋ? ನಿಮಗೆ ಸುಳ್ಳು ಹೇಳಲಾರೆ, ಏನೂ ಹರಿಯಲಿಲ್ಲ. ಹಿತ್ತಲಲ್ಲಿ ಅಕ್ಕನ ಸೊಸೆ ಕವಿತಾ ಪಾತ್ರೆ ತೊಳೆಯುವ ಸದ್ದು, ಅಕ್ಕನ ಬಳೆಗಳ ಸಣ್ಣ ಕಿಣಿಕಿಣಿ, ಅಷ್ಟೇ. ಆದರೂ ಮುಂದಿನ ಗುರುವಾರ ಹೋದೆ, ಅದರ ಮುಂದಿನ ಗುರುವಾರವೂ ಹೋದೆ. ನೀರಿಗೆ ಬಿದ್ದವನು ಹಗ್ಗದ ಗುಣಮಟ್ಟ ವಿಚಾರಿಸುವುದಿಲ್ಲ.

ಹಾಗೆ ಒಂದು ಗುರುವಾರ, ಹೊರಗೆ ಬಿಸಿಲು ಚುರುಗುಡುತ್ತಿದ್ದಾಗ, ಒಂದು ಗೇಣು ಮೇಲೆ ನಿಂತಿರಬೇಕಾದ ಅಂಗೈ ನಿಧಾನವಾಗಿ ಇಳಿಯತೊಡಗಿತು. ಮೊದಲು ಕೂದಲಿಗೆ ತಾಕಿತು, ಆಮೇಲೆ ಪೂರ್ತಿ ಭಾರ ಬಿಟ್ಟು ನನ್ನ ತಲೆಯ ಮೇಲೆ ಕೂತಿತು. ಇದು ಶಾಸ್ತ್ರದಲ್ಲಿರಲಿಲ್ಲ. ಬೆನ್ನ ಹಿಂದಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ರೋಗಿ ಎಚ್ಚರ, ವೈದ್ಯರಿಗೆ ನಿದ್ದೆ. ನಗು ಬಂದು, ತಿರುಗಿ ಅವಳನ್ನು ಅಲುಗಿಸಬೇಕೆನ್ನುವಷ್ಟರಲ್ಲಿ ಕವಿತಾ ಬಾಗಿಲಲ್ಲಿ ನಿಂತು, ಬೇಡ ಬೇಡ ಎಂದು ಒದ್ದೆ ಕೈ ಆಡಿಸಿದಳು. ಹತ್ತಿರ ಬಂದು ಬಗ್ಗಿ ಪಿಸುಗುಟ್ಟಿದಳು.

"ಏಳಬ್ಯಾಡ್ರಿ ಮಾವಾರ. ದೊಡ್ಡ ಮಾವಾರು ತೀರಿಕೊಂಡಾಗಿಂದ ಅತ್ತಿ ಹಿಂಗ ಮಲಗಿದ್ದ ನಾ ನೋಡಿಲ್ಲ. ರಾತ್ರಿಯೆಲ್ಲಾ ಎದ್ದು ಕುಂತಿರ್ತಾರ. ಕೇಳಿದ್ರ, ಎಲ್ಲಾರಿಗೂ ಶಕ್ತಿ ಕಳಸಾಕ ಹತ್ತೀನಿ ಅಂತಾರ."

ಕವಿತಾ ಹೋದಳು. ನಾನು ಕುಳಿತೆ. ಕತ್ತು ತಿರುಗಿಸಿದರೆ ಕೈ ಜಾರುತ್ತದೆ, ಕೈ ಜಾರಿದರೆ ಅಕ್ಕ ಏಳುತ್ತಾಳೆ. ಉಸಿರನ್ನು ಕೂಡ ಅಳೆದು ಬಿಡತೊಡಗಿದೆ. ಅವಳ ಕೈ ಇಷ್ಟು ಭಾರವೆಂದು ಗೊತ್ತಿರಲಿಲ್ಲ. ಸಣ್ಣವನಿದ್ದಾಗ ಎಣ್ಣೆ ಹಚ್ಚಿ ತಲೆ ತಿಕ್ಕುವಾಗಿನ ಜೋರು ನೆನಪಿತ್ತು, ಈ ಭಾರ ಬೇರೆ. ಭಾವ ಹೋದಾಗ ಬಂದವರಿಗೆಲ್ಲ ಉಂಡಿರಾ, ಮಲಗಿದಿರಾ ಎಂದು ಕೇಳುತ್ತ ಓಡಾಡಿದವಳು ಅವಳೇ. ನಡುರಾತ್ರಿ ಎದ್ದು ಕುಳಿತು ಊರವರಿಗೆಲ್ಲ ಶಕ್ತಿ ಕಳಿಸುವವಳಿಗೆ ಯಾರು ಕಳಿಸುತ್ತಿದ್ದರು? ಅವಳ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಇಟ್ಟುಕೊಳ್ಳಲು ಜಾಗವಿಲ್ಲದೆ ಹಾಗೇ ಅಲುಗದೆ ಕುಳಿತೆ. ಕಾಲು ಜೋಮು ಹಿಡಿಯಿತು, ಮೂಗಿನ ಮೇಲೆ ನೊಣ ಕೂತಿತು, ಕೂರಲಿ ಎಂದು ಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ, ಕ್ಯಾಲೆಂಡರು ಕಾಣುತ್ತಿಲ್ಲವಲ್ಲ ಎಂಬುದು ಗಮನಕ್ಕೆ ಬಂತು. ನನ್ನ ಕಣ್ಣು ಮುಚ್ಚಿದ್ದವು. ಯಾವಾಗ ಮುಚ್ಚಿದವೋ ಗೊತ್ತಿಲ್ಲ. ತೊಲೆಗಳಿರಲಿಲ್ಲ, ಪಡಸಾಲೆ ಇರಲಿಲ್ಲ. ಕಣ್ಣು ಮುಚ್ಚಿದವರಿಗೆಲ್ಲ ಕಾಣುವ ಸಾದಾ ಕತ್ತಲೆ ಇತ್ತು.

ಅಕ್ಕ ಎಚ್ಚರಾದಾಗ ಚಹಾದ ಹೊತ್ತಾಗಿತ್ತು. ತಾನು ಮಲಗಿದ್ದೆನೆಂಬ ಅನುಮಾನವೇ ಅವಳಿಗಿರಲಿಲ್ಲ.

"ಅಂಗೈ ಹೆಂಗ ಕಾದೈತಿ ನೋಡು. ಇವತ್ತು ಜೋರ ಹರೀತು."

"ಹರೀತು, ಅಕ್ಕಾ," ಎಂದೆ. ಅದು ಮುಖಸ್ತುತಿಯಾಗಿರಲಿಲ್ಲ.

ಏನು ಹರಿಯಿತು, ಯಾರಿಂದ ಯಾರಿಗೆ ಎಂದು ನನ್ನನ್ನು ಕೇಳಬೇಡಿ. ಗುಳಿಗೆಯ ಪಾಲೆಷ್ಟು, ದಿನ ಕಳೆದದ್ದರ ಪಾಲೆಷ್ಟು, ಆ ಅಂಗೈಯ ಪಾಲೆಷ್ಟು ಎಂದು ಬಿಡಿಸಿ ಹೇಳುವ ತಕ್ಕಡಿ ನನ್ನ ಅಂಗಡಿಯಲ್ಲಿಲ್ಲ. ನನಗೆ ತಿಳಿದದ್ದು ಇಷ್ಟೇ: ಅಷ್ಟು ದಿನ ಕಾವಲುಗಾರನಂತೆ ನನ್ನನ್ನೇ ನಾನು ಕಾಯುತ್ತಿದ್ದೆ, 'ನಾನು' ಇದ್ದಾನೋ ಹೋದನೋ ಎಂದು ಗಳಿಗೆಗೊಮ್ಮೆ ಒಳಗೆ ಇಣುಕುತ್ತಿದ್ದೆ. ಆ ಮಧ್ಯಾಹ್ನ ಇನ್ನೊಬ್ಬರ ನಿದ್ದೆ ಕಾಯುವ ಕೆಲಸ ಬಂತು, ನನ್ನ ಕಡೆ ನೋಡಲು ಪುರಸೊತ್ತಾಗಲಿಲ್ಲ. ನೋಡದೆ ಬಿಟ್ಟಾಗ ಅವನು ತನ್ನ ಪಾಡಿಗೆ ತಾನು ಬಂದು ಕೂತಿದ್ದ. ಮಠದ ಸ್ವಾಮಿಗಳು ಹೇಳುತ್ತಿದ್ದ ಅಳಿಯುವಿಕೆ ಬಹುಶಃ ಇಷ್ಟು ಸಣ್ಣದೇ ಏನೋ. ನಾನೂ ಪೂರ್ತಿ ಬಲ್ಲವನಲ್ಲ.

ಈಗ ಚೌಕಡಿಗಳು ಸುಮ್ಮನೆ ಚೌಕಡಿಗಳಾಗಿವೆ. ಡಾಕ್ಟರು ಗುಳಿಗೆ ನಿಲ್ಲಿಸಿದ್ದಾರೆ, ರಾತ್ರಿ ನನ್ನ ಗೊರಕೆಗೆ ಶಾಂತಾ ಬೈಯುವುದು ಮತ್ತೆ ಶುರುವಾಗಿದೆ. ಗುರುವಾರ ಬಂದರೆ ಮಾತ್ರ ತಾನೇ ಬುತ್ತಿ ಕಟ್ಟಿಕೊಟ್ಟು ಮಕ್ತಲಕ್ಕೆ ಕಳಿಸುತ್ತಾಳೆ, ಯಾಕೆಂದು ಕೇಳುವುದಿಲ್ಲ. ಅಕ್ಕನ ಸ್ವಭಾವ ನಮ್ಮಿಬ್ಬರಿಗೂ ಗೊತ್ತು: ಸ್ವಲ್ಪ ಅಡ್ಡಾಗು ಎಂದು ಅವಳಿಗೆ ಹೇಳಿದರೆ, ನನಗೇನು ಧಾಡಿ ಎಂದು ಪೊರಕೆ ಹಿಡಿಯುತ್ತಾಳೆ; ತಮ್ಮನಿಗೆ ಹುಷಾರಿಲ್ಲ ಎಂದರೆ ಮಾತ್ರ ಕುರ್ಚಿಯಲ್ಲಿ ಕೂರುತ್ತಾಳೆ. ಪ್ರತಿ ವಾರ, ಕೈ ಎತ್ತುವ ಮೊದಲು, ಕನ್ನಡಕದ ಮೇಲಿನಿಂದ ನನ್ನ ಮುಖ ನೋಡಿ ಕೇಳುತ್ತಾಳೆ.

"ಹೆಂಗ ಐತೋ ತಮ್ಮಾ? ಪೂರ್ತಿ ಹೋತೇನು?"

"ಇನ್ನೂ ಒಂಚೂರು ಉಳದೈತಿ, ಅಕ್ಕಾ," ಎಂದು ಮಣೆಯ ಮೇಲೆ ಕುಳಿತು, ಅವಳ ಕೈ ಭಾರವಾಗುವುದನ್ನೇ ಕಾಯುತ್ತೇನೆ.